ನಾಯಿ ಗುರುಗುಟ್ಟಿದ ಮಾತ್ರಕ್ಕೆ

ನಾಯಿ ಸಾಕಿದವರ ಜೊತೆ ಸ್ವಲ್ಪ ಹೊತ್ತು ಮಾತಿಗೆ ಕುಳಿತರೆ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ನಮ್ಮ ನಾಯಿಗೆ ಮನುಷ್ಯರ ಗುಣ ಗೊತ್ತಾಗುತ್ತದೆ, ಅದು ಯಾರನ್ನು ಕಂಡು ಗುರುಗುಟ್ಟುತ್ತದೋ ಅವರಲ್ಲಿ ಏನೋ ಹುಳುಕು ಇದ್ದೇ ಇರುತ್ತದೆ ಎಂಬ ಮಾತು ಅದು. ಹೇಳುವವರ ಬಳಿ ಒಂದೆರಡು ನಿದರ್ಶನಗಳೂ ಸಿದ್ಧವಾಗಿರುತ್ತವೆ. ಮನೆಗೆ ಬಂದು ಹೋಗುತ್ತಿದ್ದ ಪರಿಚಯಸ್ಥನೊಬ್ಬನನ್ನು ನಾಯಿ ಮೊದಲ ದಿನದಿಂದಲೂ ಹತ್ತಿರ ಸೇರಿಸಿರಲಿಲ್ಲ, ಮುಂದೆ ಅವನು ಸಾಲ ತೆಗೆದುಕೊಂಡು ನಾಪತ್ತೆಯಾದ ಎಂಬಂಥ ಕಥೆಗಳು. ಕೇಳುವವರು ತಲೆದೂಗುತ್ತಾರೆ. ಮನುಷ್ಯರನ್ನು ನಂಬಿ ಕೆಟ್ಟು ದಣಿದವರಿಗೆ, ಯಾರ ಮಾತಿಗೂ ಮರುಳಾಗದ ಜೀವವೊಂದು ಮನೆಯೊಳಗಿದೆ ಎನ್ನುವುದು ಸಣ್ಣ ಸಮಾಧಾನವಲ್ಲ.

ಈ ನಂಬಿಕೆ ಹರಟೆಯಲ್ಲಿಯೇ ಉಳಿದರೆ ಯಾರಿಗೂ ತೊಂದರೆಯಿಲ್ಲ, ಆದರೆ ಅದು ಅಲ್ಲಿ ಉಳಿಯುವುದಿಲ್ಲ. ಮನೆಗೆಲಸಕ್ಕೆ ಬಂದವರನ್ನು, ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನು, ಮಗಳು ಮೆಚ್ಚಿ ಕರೆತಂದ ಹುಡುಗನನ್ನು ನಾಯಿಯ ಎದುರು ನಿಲ್ಲಿಸಿ, ಅದು ಬಾಲ ಅಲ್ಲಾಡಿಸುತ್ತದೆಯೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ಗಮನಿಸುವವರಿದ್ದಾರೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಒಬ್ಬ ಮನುಷ್ಯನ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಲು ಬಳಕೆಯಾಗುತ್ತಿರುವ ಯಾವುದೇ ಅಳತೆಗೋಲನ್ನು, ಅದು ನಿಜವಾಗಿ ಏನನ್ನು ಅಳೆಯುತ್ತಿದೆ ಎಂದು ಒಮ್ಮೆಯಾದರೂ ಕೇಳಬೇಕಾಗುತ್ತದೆ.

ಮೊದಲು ಬಾಗಿಲ ಬಳಿ ನಡೆಯುವುದನ್ನು ಹತ್ತಿರದಿಂದ ನೋಡೋಣ. ಅಪರಿಚಿತರೊಬ್ಬರು ಒಳಗೆ ಬರುತ್ತಾರೆ. ಚಿಕ್ಕಂದಿನಲ್ಲಿ ಎಂದೋ ನಾಯಿ ಕಚ್ಚಿದ ನೆನಪು ಅವರ ಮೈಯಲ್ಲಿ ಇನ್ನೂ ಇದೆ. ಹೊಸ್ತಿಲಲ್ಲಿಯೇ ನಿಂತು, ಉಸಿರು ಬಿಗಿಹಿಡಿದು, ಕಣ್ಣು ಕೀಳದೆ ನಾಯಿಯನ್ನೇ ನೋಡುತ್ತ, ‘ಏನೂ ಮಾಡಲ್ಲ ತಾನೆ?’ ಎಂದು ಕೇಳುತ್ತಾರೆ. ‘ಏನೂ ಮಾಡಲ್ಲ, ಬನ್ನಿ ಬನ್ನಿ’ ಎಂದು ಮನೆಯವರು ಹೇಳುತ್ತಾರೆ. ಜಗತ್ತಿನ ಎಲ್ಲ ನಾಯಿಗಳ ಒಡೆಯರೂ ಹೇಳುವ, ಯಾರೂ ನಂಬದ ಮಾತು ಇದು. ಬಂದವರು ಧೈರ್ಯ ತಂದುಕೊಂಡು ಮುಂದಕ್ಕೆ ಬಾಗಿ, ನಾಯಿಯ ನೆತ್ತಿಯ ಮೇಲೆ ಕೈಯಿಡಲು ಹೋಗಿ, ಅದರ ಮೂಗು ಮೇಲೆದ್ದ ಕೂಡಲೇ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಾಯಿಯ ಕಡೆಯಿಂದ ನೋಡಿದರೆ ಇದರಲ್ಲಿ ಹಿತವಾದದ್ದು ಒಂದೂ ಇಲ್ಲ. ದಿಟ್ಟಿಸಿ ನೋಡುವುದು, ಎದುರಿಗೆ ನಿಂತು ಮೇಲಿನಿಂದ ಬಾಗುವುದು, ಕೈ ಚಾಚಿ ಥಟ್ಟನೆ ಹಿಂದೆಗೆಯುವುದು ನಾಯಿಯ ಲೋಕದಲ್ಲಿ ಬೆದರಿಕೆಗೆ ಹತ್ತಿರವಾದ ನಡವಳಿಕೆಗಳು. ಅದು ತನ್ನ ಭಾರವನ್ನು ಹಿಂಗಾಲಿಗೆ ಸರಿಸುತ್ತದೆ, ಕಿವಿಯನ್ನು ಹಿಂದಕ್ಕೆ ಒತ್ತುತ್ತದೆ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುತ್ತದೆ, ಕೊನೆಗೆ ಗುರುಗುಟ್ಟುತ್ತದೆ. ಬಂದವರು ಊರಿಗೇ ಉಪಕಾರಿಯಾಗಿರಬಹುದು. ಅದನ್ನು ತಿಳಿಯಲು ನಾಯಿಯ ಬಳಿ ಯಾವ ದಾರಿಯೂ ಇರಲಿಲ್ಲ.

ಅದೇ ಬಾಗಿಲಿನಿಂದ ಇನ್ನೊಬ್ಬರು ಬರುತ್ತಾರೆ. ನಾಯಿಯ ಕಡೆ ನೋಡುವುದೇ ಇಲ್ಲ. ಮಾತಾಡುತ್ತಲೇ ಹೋಗಿ ಪಕ್ಕಕ್ಕೆ ತಿರುಗಿ ಕುಳಿತು, ಕೈಯನ್ನು ಸಡಿಲವಾಗಿ ಕೆಳಗೆ ಬಿಡುತ್ತಾರೆ. ನಾಯಿ ತಾನಾಗಿಯೇ ಬಂದು ಬೆರಳನ್ನು ಮೂಸಿ, ಮೊಣಕಾಲಿಗೆ ಮೈಯೊತ್ತಿ ಮಲಗುತ್ತದೆ. ಮನೆಯವರಿಗೆ ಸಂತೋಷವಾಗುತ್ತದೆ. ಇವರು ನಾಯಿಗಳ ಜೊತೆ ಬೆಳೆದವರು ಎನ್ನುವುದಕ್ಕಿಂತ ಹೆಚ್ಚಿನದನ್ನು ಈ ದೃಶ್ಯದಿಂದ ತೆಗೆಯಲು ಸಾಧ್ಯವಿಲ್ಲದಿದ್ದರೂ ನಾವು ತೆಗೆಯುತ್ತೇವೆ.

ಇಷ್ಟಕ್ಕೆ ನಿಲ್ಲಿಸಿದರೆ ನಾಯಿಗೆ ಅನ್ಯಾಯವಾಗುತ್ತದೆ, ಏಕೆಂದರೆ ಅದು ಕಾಣುವುದು ಮೈಯ ಚಲನೆಯನ್ನು ಮಾತ್ರವಲ್ಲ. ನಮ್ಮ ಒಳಗಿನ ಸ್ಥಿತಿಯ ಎಷ್ಟೋ ಸಂಗತಿಗಳು ಅದರ ಮೂಗಿಗೆ ನೇರವಾಗಿ ತಲುಪುತ್ತವೆ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೊಕ್ಕವಾಗಿ ತೋರಿಸಿತು. 36 ಜನರಿಗೆ 9000ದಿಂದ ಹಿಂದಕ್ಕೆ 17-17ರಂತೆ ಕಳೆಯುತ್ತ ಹೋಗುವ ಲೆಕ್ಕವನ್ನು ಕೊಟ್ಟು, ಲೆಕ್ಕಕ್ಕೆ ಮೊದಲು ಮತ್ತು ಲೆಕ್ಕ ಮಾಡಿ ತತ್ತರಿಸಿದ ಮೇಲೆ ಅವರ ಬೆವರು ಹಾಗೂ ಉಸಿರಿನ ಮಾದರಿಗಳನ್ನು ಸಂಗ್ರಹಿಸಿದರು. ತರಬೇತಿ ಪಡೆದ ನಾಲ್ಕು ನಾಯಿಗಳು ಒಬ್ಬನದೇ ಎರಡು ಮಾದರಿಗಳಲ್ಲಿ ಒತ್ತಡದ್ದು ಯಾವುದು ಎಂಬುದನ್ನು 93.75 ಶೇಕಡಾ ಸಲ ಸರಿಯಾಗಿ ಗುರುತಿಸಿದವು. ಇದಕ್ಕೂ ಮುಂಚೆ, 2018ರಲ್ಲಿ, ಇಟಲಿಯ ನೇಪಲ್ಸ್‌ನ ಸಂಶೋಧಕರು ತಮ್ಮ ಸಹೋದ್ಯೋಗಿಗಳೊಂದಿಗೆ ನಡೆಸಿದ ಪ್ರಯೋಗದಲ್ಲಿ, ಭಯ ಹುಟ್ಟಿಸುವ ವಿಡಿಯೊ ನೋಡಿದ ಗಂಡಸರ ಬೆವರನ್ನು ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ತಳಿಯ 40 ನಾಯಿಗಳಲ್ಲಿ ಕೆಲವಕ್ಕೆ ಮೂಸಲು ಒದಗಿಸಲಾಗಿತ್ತು. ಕೋಣೆಯಲ್ಲಿ ಒಡೆಯರೂ ಒಬ್ಬ ಅಪರಿಚಿತನೂ ಇದ್ದರು. ಭಯದ ವಾಸನೆ ಸಿಕ್ಕ ನಾಯಿಗಳ ಎದೆಬಡಿತ ಏರಿತು, ಅವು ಅಪರಿಚಿತನನ್ನು ಬಿಟ್ಟು ಒಡೆಯರಿಗೆ ಅಂಟಿಕೊಂಡವು. ಸಂತೋಷದ ವಿಡಿಯೊ ನೋಡಿದವರ ಬೆವರು ಸಿಕ್ಕ ನಾಯಿಗಳು ಅಪರಿಚಿತನ ಜೊತೆ ಹೆಚ್ಚು ಸಲಿಗೆ ತೋರಿದವು.

ನಾಯಿಗೆ ಗುಣ ಗೊತ್ತಾಗುತ್ತದೆ ಎನ್ನುವವರು ಈ ಅಧ್ಯಯನಗಳನ್ನು ತಮ್ಮ ಪರವಾಗಿ ಎತ್ತಿ ತೋರಿಸುತ್ತಾರೆ. ನನಗೆ ಇವು ಅದರ ವಿರುದ್ಧವಾಗಿಯೇ ಮಾತಾಡುವಂತೆ ಕಾಣುತ್ತವೆ. ಭಯದ ವಾಸನೆ ಬರುವುದು ಭಯಪಟ್ಟವನಿಂದ. ಕೆಟ್ಟವನಿಂದಲೇ ಬರಬೇಕೆಂಬ ನಿಯಮವಿಲ್ಲ. ಸಂದರ್ಶನಕ್ಕೆ ಬಂದು ಎದೆ ಹೊಡೆದುಕೊಳ್ಳುತ್ತಿರುವ ಪ್ರಾಮಾಣಿಕ ಹುಡುಗನ ಬೆವರಿನಲ್ಲಿ ಅದು ಇರುತ್ತದೆ, ಭಾವಿ ಅತ್ತೆ-ಮಾವಂದಿರ ಎದುರು ಕುಳಿತ ಹುಡುಗಿಯ ಬೆವರಿನಲ್ಲಿ ಇರುತ್ತದೆ, ನಾಯಿಗೆ ಹೆದರುವ ಎಲ್ಲರ ಬೆವರಿನಲ್ಲಿಯೂ ಇರುತ್ತದೆ. ನುರಿತ ಮೋಸಗಾರನ ಬೆವರಿನಲ್ಲಿ ಇರುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಕೆನಡಾದ ಮನೋವಿಜ್ಞಾನಿ ರಾಬರ್ಟ್ ಹೇರ್ 1960ರ ದಶಕದಲ್ಲಿ ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಅಂಕಿಗಳನ್ನು ಒಂದೊಂದಾಗಿ ತೋರಿಸುತ್ತ, ಮೊದಲೇ ತಿಳಿಸಿದ ಅಂಕಿ ಬಂದಾಗ ವಿದ್ಯುತ್ ಶಾಕ್ ಕೊಡಲಾಗುತ್ತಿತ್ತು. ಆ ಅಂಕಿ ಹತ್ತಿರವಾದಂತೆ ಬಹುತೇಕ ಜನರ ಅಂಗೈ ಬೆವರುತ್ತದೆ. ಪಶ್ಚಾತ್ತಾಪವಿಲ್ಲದೆ ಇತರರನ್ನು ಬಳಸಿಕೊಳ್ಳುವ ಸ್ವಭಾವದವರೆಂದು, ಅಂದರೆ ಸೈಕೋಪಾತ್‌ಗಳೆಂದು, ಗುರುತಿಸಲಾದವರಲ್ಲಿ ಆ ಬೆವರು ಗಮನಾರ್ಹವಾಗಿ ಕಡಿಮೆ ಇತ್ತು. ಹಾಗಿದ್ದಮೇಲೆ ನಾಯಿಯ ಮೂಗಿಗೆ ಯಾರು ಅನುಮಾನಾಸ್ಪದವಾಗಿ ಕಾಣಬೇಕು? ನಿಜಕ್ಕೂ ಅಪಾಯಕಾರಿಯಾದವನು ನಿಶ್ಚಿಂತನಾಗಿ ಒಳಗೆ ಬಂದು ಕುಳಿತುಕೊಳ್ಳಬಹುದು. ನಾಚಿಕೆಯ, ಅಂಜುಬುರುಕ, ಸಜ್ಜನನಾದವನು ಬಾಗಿಲಲ್ಲಿಯೇ ಸಿಕ್ಕಿಬೀಳಬಹುದು.

ನಾವು ಗುಣ ಎನ್ನುವುದಾದರೂ ಏನನ್ನು? ಕೊಟ್ಟ ಮಾತಿಗೆ ಯಾರೂ ಸಾಕ್ಷಿಯಿಲ್ಲದಿದ್ದಾಗಲೂ ನಡೆದುಕೊಳ್ಳುವುದು, ಅಧಿಕಾರ ಕೈಗೆ ಬಂದಾಗ ಕೆಳಗಿನವರನ್ನು ಹೇಗೆ ಕಾಣುತ್ತಾರೆ ಎನ್ನುವುದು, ಕಷ್ಟದ ದಿನಗಳಲ್ಲಿ ಕೈ ಬಿಡುತ್ತಾರೋ ಇಲ್ಲವೋ ಎನ್ನುವುದು. ಇವೆಲ್ಲ ಕಾಲ ಕಳೆದ ಮೇಲೆ, ಸನ್ನಿವೇಶಗಳು ಎದುರಾದ ಮೇಲೆ ತಿಳಿಯುವ ಸಂಗತಿಗಳು. ಮನುಷ್ಯರಾದ ನಮಗೂ ಇದು ಸುಲಭದ ವಿಷಯವಲ್ಲ. ಅಮೆರಿಕದಲ್ಲಿ 1920ರ ದಶಕದಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆಯನ್ನು ಬಗೆಬಗೆಯಾಗಿ ಪರೀಕ್ಷಿಸಿದಾಗ, ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತದೆ ಎಂದು ಹೇಳಲು ಬರುವುದಿಲ್ಲ ಎನ್ನುವುದೇ ಅವರಿಗೆ ಎದ್ದುಕಂಡಿತ್ತು. ಪ್ರಾಮಾಣಿಕತೆಯೇ ಸನ್ನಿವೇಶದೊಂದಿಗೆ ಇಷ್ಟು ಬದಲಾಗುವ ವಸ್ತುವಾದರೆ, ಅದಕ್ಕೆ ಮೈಯಲ್ಲಿ ಒಂದು ಸ್ಥಿರವಾದ ವಾಸನೆಯಿರುತ್ತದೆ ಎಂದು ಎಣಿಸುವುದು ಹೇಗೆ?

ಹಾಗಾದರೆ ನಾಯಿ ಮನುಷ್ಯರ ನಡುವೆ ವ್ಯತ್ಯಾಸವನ್ನೇ ಮಾಡುವುದಿಲ್ಲವೇ ಎಂದರೆ, ಖಂಡಿತ ಮಾಡುತ್ತದೆ. ಇಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಕಝುವೊ ಫುಜಿಟಾ ಮತ್ತು ಅವರ ಸಂಗಡಿಗರ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ನಾಯಿ ಗುಣ ಅಳೆಯುತ್ತದೆ ಎಂಬ ಸುದ್ದಿಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹೊರಟವು. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 54 ನಾಯಿಗಳಿದ್ದವು. ನಾಯಿಯ ಕಣ್ಣೆದುರಿಗೆ ಅದರ ಒಡೆಯರು ಒಂದು ಡಬ್ಬಿಯ ಮುಚ್ಚಳ ತೆಗೆಯಲು ಪಾಡುಪಡುತ್ತಾರೆ. ಒಂದು ಪಕ್ಕದಲ್ಲಿ ಒಬ್ಬ, ಇನ್ನೊಂದು ಪಕ್ಕದಲ್ಲಿ ಮತ್ತೊಬ್ಬ ಕುಳಿತಿರುತ್ತಾರೆ. ಕೆಲವು ನಾಯಿಗಳ ಪಾಲಿಗೆ, ಒಡೆಯರು ನೆರವು ಕೇಳಿದಾಗ ಒಬ್ಬ ಡಬ್ಬಿ ಹಿಡಿದು ಸಹಾಯ ಮಾಡುತ್ತಾನೆ. ಇನ್ನು ಕೆಲವಕ್ಕೆ, ಅವನು ಮುಖ ತಿರುಗಿಸಿಬಿಡುತ್ತಾನೆ. ಮೂರನೆಯ ಗುಂಪಿಗೆ, ಒಡೆಯರು ಏನೂ ಕೇಳದೆಯೇ ಅವನು ಸುಮ್ಮನೆ ಮುಖ ತಿರುಗಿಸುತ್ತಾನೆ. ಎರಡನೆಯ ವ್ಯಕ್ತಿ ಮೂರೂ ಸಲ ಏನೂ ಮಾಡದೆ ಕುಳಿತಿರುತ್ತಾನೆ. ಆಮೇಲೆ ಇಬ್ಬರೂ ಒಟ್ಟಿಗೆ ತಿನಿಸು ಚಾಚುತ್ತಾರೆ. ಸಹಾಯ ಮಾಡದೆ ಮುಖ ತಿರುಗಿಸಿದವನನ್ನು ನಾಯಿಗಳು ಬಿಟ್ಟು, ಏನೂ ಮಾಡದೆ ಕುಳಿತಿದ್ದವನ ಕಡೆಗೆ ಹೆಚ್ಚಾಗಿ ಹೋದವು. ಸಹಾಯ ಮಾಡಿದವನಿಗೆ ಮಾತ್ರ ಯಾವ ವಿಶೇಷ ಮನ್ನಣೆಯೂ ಸಿಗಲಿಲ್ಲ.

ಈ ಪ್ರಯೋಗದ ಸೊಗಸು ಅದರ ಮೂರನೆಯ ಗುಂಪಿನಲ್ಲಿದೆ. ಬರೀ ಮುಖ ತಿರುಗಿಸುವುದು ನಾಯಿಗೆ ಇಷ್ಟವಾಗಲಿಲ್ಲ ಎಂದು ತಳ್ಳಿಹಾಕಲು ಬರುವುದಿಲ್ಲ. ಒಡೆಯರು ಕೇಳಿದಾಗ ತಿರುಗಿಸಿದ್ದೇ ವ್ಯತ್ಯಾಸ ತಂದಿತು. ತನ್ನ ಲಾಭನಷ್ಟ ಇಲ್ಲದ ಕಡೆಯೂ ನಾಯಿ ಏನನ್ನೋ ಗಮನಿಸಿ ನೆನಪಿಟ್ಟುಕೊಂಡಿತು. ನನಗೆ ಇದು ನಿಜಕ್ಕೂ ಅಚ್ಚರಿಯ ಸಂಗತಿ. ಆದರೆ ನಾಯಿ ಗಮನಿಸಿದ್ದು ಏನನ್ನು? ತನ್ನವರಿಗೆ, ತನ್ನೆದುರಿಗೆ, ಈಗತಾನೆ ಒಬ್ಬ ಒಲ್ಲೆನೆಂದದ್ದನ್ನು. ಅವನು ಬೇರೆಯವರಿಗೆ ಹೇಗೆ, ನಾಳೆ ಹೇಗೆ ಎನ್ನುವುದು ಅದರ ಲೆಕ್ಕಕ್ಕೆ ಬರಲಿಲ್ಲ. ಗೆಳೆಯನ ಜೊತೆ ಜಗಳವಾಡಿದವನನ್ನು ಕಂಡರೆ ನಮಗೂ ಮುಖ ಗಂಟಿಕ್ಕಬೇಕೆನಿಸುತ್ತದೆ, ತಪ್ಪು ಗೆಳೆಯನದೇ ಆಗಿದ್ದರೂ.

ಒಡೆಯರನ್ನು ಬಿಟ್ಟು ಅಪರಿಚಿತರ ನಡುವಿನ ವ್ಯವಹಾರವನ್ನು ನಾಯಿಗೆ ತೋರಿಸಿದರೆ ಫಲಿತಾಂಶಗಳು ಕಲಸಿಹೋಗುತ್ತವೆ. ಇಟಲಿಯ ಸಂಶೋಧಕರು 2011ರಲ್ಲಿ, ಬೇಡಿ ಬಂದವರಿಗೆ ತಿನಿಸು ಕೊಟ್ಟವನನ್ನು ನಾಯಿಗಳು ಕೊಡದವನಿಗಿಂತ ಹೆಚ್ಚು ಇಷ್ಟಪಟ್ಟವು ಎಂದು ವರದಿ ಮಾಡಿದರು. ಮರುವರ್ಷವೇ ಜರ್ಮನಿಯ ಲೈಪ್ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು, ನಾಯಿಗಳು ತಮಗೆ ನೇರವಾಗಿ ಆದ ಅನುಭವದ ಮೇಲಷ್ಟೇ ಮನುಷ್ಯರನ್ನು ಆರಿಸುತ್ತವೆ, ಇನ್ನೊಬ್ಬರ ಜೊತೆ ಅವರು ನಡೆದುಕೊಂಡದ್ದನ್ನು ನೋಡಿ ಅಲ್ಲ ಎಂದರು. ಅದೇ ಸಂಸ್ಥೆಯ ಮುಂದಿನ ಕೆಲಸ ಇನ್ನೊಂದು ಸಾಧ್ಯತೆಯನ್ನು ತೆರೆದಿಟ್ಟಿತು: ನಾಯಿ ಉದಾರಿಯನ್ನು ಹುಡುಕಿಕೊಂಡು ಹೋಗುವ ಬದಲು, ಉದಾರಿ ನಿಂತಿದ್ದ ಜಾಗವನ್ನು ಹುಡುಕಿಕೊಂಡು ಹೋಗುತ್ತಿರಬಹುದು. 2025ರಲ್ಲಿ ಕ್ಯೋಟೊದಿಂದಲೇ ಬಂದ, 40 ಸಾಕುನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ ಎಳೆಯ, ಪ್ರಾಯದ, ಮುದಿ ನಾಯಿಗಳು ಯಾವುವೂ ಉದಾರಿಗೂ ಜಿಪುಣನಿಗೂ ನಡುವೆ ಆರಿಸಲು ಒಲವು ತೋರಲಿಲ್ಲ. ಪ್ರಯೋಗಶಾಲೆಯ ಕೋಣೆಯಲ್ಲಿ ನಾಯಿಯ ಬುದ್ಧಿಯೆಲ್ಲ ಹೊರಬರುವುದಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ ಜಿಪುಣತನದಂಥ ಕಣ್ಣಿಗೆ ಕಾಣುವ ಗುಣವೇ ಇಷ್ಟು ಕಷ್ಟಪಟ್ಟು ಅದಕ್ಕೆ ತಿಳಿಯುವುದಾದರೆ, ವಂಚನೆ ಒಂದೇ ನೋಟಕ್ಕೆ ತಿಳಿಯುತ್ತದೆ ಎನ್ನುವುದನ್ನು ಒಪ್ಪಲಾರೆ.

ನೇರವಾದ ಅನುಭವದ ವಿಷಯಕ್ಕೆ ಬಂದಾಗ ಮಾತ್ರ ನಾಯಿ ಬೇರೆಯೇ ಪ್ರಾಣಿಯಾಗುತ್ತದೆ. ಕ್ಯೋಟೊದ ಇನ್ನೊಂದು ಪ್ರಯೋಗದಲ್ಲಿ ಒಬ್ಬರು ಮೊದಲು ತಿನಿಸು ಇರುವ ಡಬ್ಬಿಯನ್ನು ಬೆರಳಿನಿಂದ ತೋರಿಸಿದರು, ನಾಯಿ ಹೋಯಿತು. ಆಮೇಲೆ ಖಾಲಿ ಡಬ್ಬಿಯನ್ನು ತೋರಿಸಿ ಮೋಸ ಮಾಡಿದರು. ಮೂರನೆಯ ಸಲ ಮತ್ತೆ ನಿಜವನ್ನೇ ತೋರಿಸಿದರೂ ನಾಯಿಗಳು ಆ ಬೆರಳನ್ನು ಮೊದಲಿನಂತೆ ನಂಬಲಿಲ್ಲ; ಹೊಸಬರು ಬಂದು ತೋರಿಸಿದರೆ ಮತ್ತೆ ನಂಬಿದವು. ಅಂದರೆ ಬೆರಳು ತೋರಿಸುವುದರ ಮೇಲೆಯೇ ಅವಕ್ಕೆ ನಂಬಿಕೆ ಹೋಗಿರಲಿಲ್ಲ, ಆ ವ್ಯಕ್ತಿಯ ಮೇಲೆ ಹೋಗಿತ್ತು. 2021ರಲ್ಲಿ ಜರ್ಮನಿಯ ಸಂಶೋಧಕರು 51 ನಾಯಿಗಳೊಂದಿಗೆ ಮಾಡಿ ನೋಡಿದ್ದು ಇನ್ನೂ ಸೂಕ್ಷ್ಮವಾದದ್ದು. ಪಾರದರ್ಶಕ ತಡೆಯ ಸಂದಿಯಿಂದ ತಿನಿಸು ಕೊಡುತ್ತಿದ್ದವರು ಒಮ್ಮೆ ಬೇಕೆಂದೇ ಕೈ ಹಿಂದೆಗೆದುಕೊಂಡರು, ಇನ್ನೊಮ್ಮೆ ಕೈಜಾರಿದಂತೆ ಕೆಳಗೆ ಬೀಳಿಸಿದರು, ಮತ್ತೊಮ್ಮೆ ಸಂದಿ ಮುಚ್ಚಿದ್ದರಿಂದ ಕೊಡಲಾಗಲಿಲ್ಲ. ಮೂರು ಸಲವೂ ತಿನಿಸು ಆಚೆ ಬದಿಯಲ್ಲಿಯೇ ಉಳಿಯಿತು, ತಡೆಯನ್ನು ಸುತ್ತಿಕೊಂಡು ಹೋಗಿ ತಿನ್ನಬಹುದಾಗಿತ್ತು. ಬೇಕೆಂದೇ ಕೊಡದಿದ್ದಾಗ ನಾಯಿಗಳು ಹೆಚ್ಚು ಹೊತ್ತು ಹಿಂಜರಿದು ನಿಂತವು. ಕೈ ತಪ್ಪಿದ್ದಕ್ಕೂ ಕೊಡಲೊಲ್ಲದ್ದಕ್ಕೂ ಇರುವ ಭೇದ ಅವುಗಳಿಗೆ ಒಂದಷ್ಟು ಗೊತ್ತಾಗುತ್ತದೆ ಎಂದಾಯಿತು. ಕತ್ತಲಲ್ಲಿ ಎಡವಿ ಬಾಲ ತುಳಿದವರನ್ನು ಮರುಕ್ಷಣವೇ ಕ್ಷಮಿಸುವ ನಾಯಿ, ಕಾಲೆತ್ತಿ ಒದ್ದವನನ್ನು ಬಹುಕಾಲ ಮರೆಯದಿರುವುದನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ.

ಇಷ್ಟೆಲ್ಲದರ ನಡುವೆ ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಒಬ್ಬ ವ್ಯಕ್ತಿಯಿದ್ದಾರೆ: ಹಗ್ಗ ಹಿಡಿದವರು. ನನಗೆ ಅಷ್ಟಾಗಿ ಸರಿಬಾರದ ಒಬ್ಬರು ದಾರಿಯಲ್ಲಿ ಎದುರಾಗುವುದುಂಟು. ದೂರದಿಂದ ಅವರನ್ನು ಕಂಡ ಕೂಡಲೇ ನನ್ನ ಹೆಜ್ಜೆ ಒಂದಿಷ್ಟು ನಿಧಾನವಾಗುತ್ತದೆ, ಸಡಿಲವಾಗಿದ್ದ ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಳ್ಳುತ್ತೇನೆ, ನಗು ತಂದುಕೊಳ್ಳುವುದಕ್ಕಿಂತ ಮುಂಚೆ ಉಸಿರು ಒಂದು ಗಳಿಗೆ ನಿಲ್ಲುತ್ತದೆ. ಕುತ್ತಿಗೆಯ ಪಟ್ಟಿಯ ಮೂಲಕ ಇದೆಲ್ಲ ನಾಯಿಗೆ ತಲುಪುತ್ತದೆ. ಅದು ತಲೆಯೆತ್ತಿ ಮೊದಲು ನನ್ನನ್ನು ನೋಡುತ್ತದೆ, ಆಮೇಲೆ ಅವರನ್ನು ನೋಡುತ್ತದೆ, ಆಮೇಲೆ ಕುತ್ತಿಗೆಯ ರೋಮ ನಿಮಿರುತ್ತದೆ. ನೋಡುವವರಿಗೆ ನಾಯಿ ಆ ಮನುಷ್ಯನನ್ನು ಅರಿತಂತೆ ಕಾಣಿಸುತ್ತದೆ. ಆ ಅನುಕ್ರಮವನ್ನು ಗಮನಿಸಿದ ನನಗೆ, ಅದು ನನ್ನ ಅಭಿಪ್ರಾಯವನ್ನೇ ತನ್ನ ಗಂಟಲಿನಲ್ಲಿ ಹೇಳಿದಂತೆ ಕಾಣುತ್ತದೆ. ಫ್ರಾನ್ಸಿನ ಸಂಶೋಧಕರು 2016ರಲ್ಲಿ ಇದನ್ನು ಪ್ರಯೋಗವಾಗಿಯೇ ಮಾಡಿದರು. ಅಪರಿಚಿತರು ಎದುರು ಬಂದಾಗ ಒಡೆಯರು ಮಾತಾಡದೆ, ಮುಖಭಾವ ತೋರಿಸದೆ, ಕೆಲವು ಹೆಜ್ಜೆ ಮುಂದೆ ಹೋಗಬೇಕು, ಅಥವಾ ನಿಂತಲ್ಲಿಯೇ ನಿಲ್ಲಬೇಕು, ಅಥವಾ ಹಿಂದೆ ಸರಿಯಬೇಕು. ಒಡೆಯರು ಹಿಂದೆ ಸರಿದ ನಾಯಿಗಳು ಆ ಅಪರಿಚಿತರ ಬಳಿ ಹೋಗಲು ಹೆಚ್ಚು ಹೊತ್ತು ತೆಗೆದುಕೊಂಡವು.

ಪ್ರಾಣಿಯೊಂದು ನಮ್ಮ ಮನಸ್ಸಿನಲ್ಲಿರುವುದನ್ನು ನಮಗೇ ತಿರುಗಿಸಿ ಹೇಳುವುದು ಹೊಸ ಸಂಗತಿಯೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕ ಬಿಡಿಸುತ್ತಿತ್ತು. 1907ರಲ್ಲಿ ಆಸ್ಕರ್ ಫಂಗ್ಸ್ಟ್ ಎಂಬುವರು ಕೂಲಂಕಷವಾಗಿ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿದ್ದರೆ ಮಾತ್ರ ಕುದುರೆಗೂ ಉತ್ತರ ಗೊತ್ತಿರುತ್ತಿತ್ತು ಎಂದು ತಿಳಿಯಿತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಕುದುರೆ ಅಲ್ಲಿಗೆ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಶತಮಾನದ ನಂತರ, 2011ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಮಾದಕವಸ್ತು ಮತ್ತು ಸ್ಫೋಟಕ ಪತ್ತೆಯ 18 ನಾಯಿಗಳನ್ನೂ ಅವುಗಳ ತರಬೇತುದಾರರನ್ನೂ ಕರೆದು ಕೋಣೆಗಳನ್ನು ಹುಡುಕಲು ಹೇಳಿದರು. ಕೆಂಪು ಕಾಗದ ಅಂಟಿಸಿದ ಕಡೆ ವಾಸನೆಯಿದೆ ಎಂದು ತರಬೇತುದಾರರಿಗೆ ತಿಳಿಸಲಾಗಿತ್ತು. ನಿಜದಲ್ಲಿ ಎಲ್ಲಿಯೂ ಏನೂ ಇರಲಿಲ್ಲ. 144 ಹುಡುಕಾಟಗಳಲ್ಲಿ 123ರಲ್ಲಿ ‘ಇಲ್ಲಿದೆ’ ಎಂಬ ಸೂಚನೆ ಬಂತು, ಅದರಲ್ಲಿಯೂ ಕೆಂಪು ಕಾಗದದ ಬಳಿ ಹೆಚ್ಚು. ವೃತ್ತಿಯಲ್ಲಿ ಪಳಗಿದ ನಾಯಿ ಮತ್ತು ಮನುಷ್ಯರ ನಡುವೆಯೇ ಹೀಗಾದರೆ, ಮನೆಯ ನಾಯಿಯ ಮೇಲೆ ನಾವು ಹೊರಿಸುವ ತೀರ್ಪುಗಳಲ್ಲಿ ಎಷ್ಟು ನಮ್ಮವು?

ಅದರ ಮುಖವನ್ನು ಓದುವುದರಲ್ಲಿಯೂ ನಾವು ಅಷ್ಟೇನೂ ಜಾಣರಲ್ಲ. ನಾಯಿಯ ‘ತಪ್ಪಿತಸ್ಥ ಮುಖ’ ತಪ್ಪು ಮಾಡಿದ್ದರಿಂದ ಬರುವುದಿಲ್ಲ, ಒಡೆಯರು ಗದರಿದ್ದರಿಂದ ಬರುತ್ತದೆ ಎಂದು ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿಯೇ ತೋರಿಸಿದ್ದಾರೆ. ಏನೂ ಮಾಡದ ನಾಯಿಯೂ ಗದರಿಸಿಕೊಂಡಾಗ ಅದೇ ಮುಖ ಮಾಡುತ್ತದೆ.

ನಾಯಿಗೆ ಕೆಟ್ಟವರು ತಿಳಿಯುತ್ತಾರೆ ಎನ್ನುವುದಕ್ಕೆ ಇತಿಹಾಸ ಕೊಡುವ ಉತ್ತರವಂತೂ ನಿರ್ದಾಕ್ಷಿಣ್ಯವಾದದ್ದು. ಹಿಟ್ಲರನ ಬಳಿ ಬ್ಲಾಂಡಿ ಎಂಬ ಜರ್ಮನ್ ಶೆಫರ್ಡ್ ನಾಯಿಯಿತ್ತು. 1945ರ ಏಪ್ರಿಲ್ ಕೊನೆಯಲ್ಲಿ, ಬರ್ಲಿನ್‌ನ ನೆಲಮಾಳಿಗೆಯಲ್ಲಿ, ತಾನು ಇಟ್ಟುಕೊಂಡಿದ್ದ ಸಯನೈಡ್ ಕೆಲಸ ಮಾಡುತ್ತದೆಯೇ ಎಂದು ಅದರ ಮೇಲೆಯೇ ಪರೀಕ್ಷಿಸಲಾಗುವವರೆಗೂ ಅದು ಅವನ ಜೊತೆಗಿತ್ತು. ಅವನು ಅದಕ್ಕೆ ಊಟ ಹಾಕಿದ್ದ, ಆಟವಾಡಿಸಿದ್ದ. ಅದರ ಪಾಲಿಗೆ ಇದ್ದ ಸಾಕ್ಷ್ಯ ಅಷ್ಟೇ. ಇದರ ಇನ್ನೊಂದು ಬದಿಯೂ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಹಿಳಾ ಸೆರೆಮನೆಯೊಂದರಲ್ಲಿ 1981ರಿಂದ ಕೈದಿಗಳು ಅಂಗವಿಕಲರ ನೆರವಿಗಾಗಿ ನಾಯಿಗಳನ್ನು ಪಳಗಿಸುತ್ತಿದ್ದಾರೆ, ಅದನ್ನು ನೋಡಿ ಬೇರೆಡೆಯೂ ಇಂಥ ಕಾರ್ಯಕ್ರಮಗಳು ಹುಟ್ಟಿಕೊಂಡವು. ನ್ಯಾಯಾಲಯ ಅಪರಾಧಿಯೆಂದು ಸಾರಿದವರ ಕೈಯಲ್ಲಿ ಆ ನಾಯಿಗಳು ನಿಶ್ಚಿಂತೆಯಿಂದ ಕಲಿಯುತ್ತವೆ. ಆ ಹೆಂಗಸರು ಕೆಟ್ಟವರಲ್ಲ ಎಂದು ನಾಯಿಗೆ ತಿಳಿದಿತ್ತು ಎನ್ನುವವರು, ಬ್ಲಾಂಡಿಗೆ ಏನು ತಿಳಿದಿತ್ತು ಎನ್ನುವುದನ್ನೂ ಹೇಳಬೇಕಾಗುತ್ತದೆ.

ಫ್ರಾನ್ಸಿನಲ್ಲಿ ಮೊಂತಾರ್ಜಿಯ ನಾಯಿ ಎಂಬ ಹಳೆಯ ದಂತಕಥೆಯೊಂದಿದೆ. ಒಬ್ಬ ಸರದಾರನನ್ನು ಕಾಡಿನಲ್ಲಿ ಕೊಂದು ಹೂಳಲಾಗುತ್ತದೆ. ಅವನ ನಾಯಿ ಹೆಣವಿದ್ದ ಜಾಗವನ್ನು ತೋರಿಸುತ್ತದೆ, ಮತ್ತು ಮಕೇರ್ ಎಂಬುವನನ್ನು ಕಂಡಾಗಲೆಲ್ಲ ಅವನ ಮೇಲೆ ಎಗರುತ್ತದೆ. ಕೊನೆಗೆ ರಾಜ ನಾಯಿಗೂ ಆ ಮನುಷ್ಯನಿಗೂ ದ್ವಂದ್ವಯುದ್ಧ ಏರ್ಪಡಿಸುತ್ತಾನೆ, ನಾಯಿ ಗೆಲ್ಲುತ್ತದೆ, ಅವನು ತಪ್ಪೊಪ್ಪಿಕೊಳ್ಳುತ್ತಾನೆ. ನಾಯಿಗೆ ಮನುಷ್ಯರ ಗುಣ ತಿಳಿಯುತ್ತದೆ ಎಂದು ಹೇಳಲು ಈ ಕಥೆಯನ್ನು ಬಳಸುವುದುಂಟು. ಕಥೆಯನ್ನು ಇನ್ನೊಮ್ಮೆ ಓದಿದರೆ ಅದು ಹೇಳುವುದೇ ಬೇರೆ. ಆ ನಾಯಿ ಮಕೇರ್‌ನ ಗುಣವನ್ನು ಅಳೆಯಲಿಲ್ಲ. ಕೊಲೆ ನಡೆದಾಗ ಅದು ಅಲ್ಲಿತ್ತು. ಅದು ಸಾಕ್ಷಿ. ಸಾಕ್ಷಿಯ ಮಾತಿಗೆ ಬೆಲೆಯಿದೆ, ಅದು ಕಂಡದ್ದರ ಮಟ್ಟಿಗೆ. ತೀರ್ಪು ಕೊಡುವ ಕೆಲಸವನ್ನೂ ಅದಕ್ಕೇ ವಹಿಸಿದಾಗ ತೊಂದರೆ ಶುರುವಾಗುತ್ತದೆ. ಟೆಕ್ಸಾಸ್‌ನಲ್ಲಿ ವಾಸನೆ ಹೋಲಿಸಿ ಶಂಕಿತರನ್ನು ಆರಿಸುತ್ತಿದ್ದ ನಾಯಿಗಳ ಆಧಾರದ ಮೇಲೆ ಜನ ಜೈಲು ಸೇರಿದ್ದರು. ಅಲ್ಲಿನ ಅಪರಾಧ ಮೇಲ್ಮನವಿ ನ್ಯಾಯಾಲಯವು 2010ರಲ್ಲಿ, ಇಂಥ ಸಾಕ್ಷ್ಯವೊಂದೇ ಇದ್ದರೆ ಅಪರಾಧ ಸಾಬೀತಾಗಲು ಸಾಲದು ಎಂದು ಹೇಳಿ ಒಬ್ಬನನ್ನು ಬಿಡುಗಡೆ ಮಾಡಬೇಕಾಯಿತು.

ನಾಯಿಯ ಇಷ್ಟಾನಿಷ್ಟಗಳಲ್ಲಿ ದೊಡ್ಡ ಪಾಲು ಅದರ ಬಾಲ್ಯದ್ದು. ಮೂರನೆಯ ವಾರದಿಂದ ಸುಮಾರು ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ ಮರಿ ಯಾರನ್ನು ಕಂಡು ಬೆಳೆಯುತ್ತದೋ ಅವರನ್ನು ಲೋಕದ ಸಹಜ ಭಾಗವೆಂದು ಒಪ್ಪಿಕೊಳ್ಳುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ನಡೆದ, 1961ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 14 ವಾರಗಳವರೆಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಬೆದರುತ್ತಿದ್ದವು. ಆ ವಾರಗಳಲ್ಲಿ ಮರಿ ಗಡ್ಡದವರನ್ನು, ಟೋಪಿ ಅಥವಾ ಹೆಲ್ಮೆಟ್ ಹಾಕಿದವರನ್ನು, ಊರುಗೋಲು ಹಿಡಿದವರನ್ನು, ಗಟ್ಟಿ ದನಿಯ ಗಂಡಸರನ್ನು ಕಂಡಿರದಿದ್ದರೆ ಮುಂದೆ ಅವರೆಲ್ಲ ಅದರ ಕಣ್ಣಿಗೆ ಅನುಮಾನಾಸ್ಪದರು. ಅಂಚೆಯವನ ಪಾಡು ಇನ್ನೂ ವಿಚಿತ್ರ. ನಾಯಿ ಬೊಗಳುತ್ತದೆ, ಅವನು ಕಾಗದ ಕೊಟ್ಟು ಹೊರಟುಹೋಗುತ್ತಾನೆ. ತಾನು ಬೊಗಳಿದ್ದರಿಂದಲೇ ಹೋದ ಎಂದು ನಾಯಿ ಕಲಿಯುತ್ತದೆ, ಮರುದಿನ ಇನ್ನಷ್ಟು ಜೋರಾಗಿ ಬೊಗಳುತ್ತದೆ. ನಾಯಿಗಳ ತೀರ್ಪನ್ನು ಒಪ್ಪುವುದಾದರೆ ಜಗತ್ತಿನ ಅತಿ ದುಷ್ಟ ಸಮುದಾಯ ಅಂಚೆ ಇಲಾಖೆಯವರದೇ ಆಗಿರಬೇಕು.

ಹೀಗೆಂದು ನಾಯಿಯ ಗುರುಗುಟ್ಟುವಿಕೆಯನ್ನು ಕಡೆಗಣಿಸಬೇಕಾಗಿಲ್ಲ. ಅದು ನಾಯಿಯ ಭಯದ ಬಗ್ಗೆ ಹೇಳುತ್ತಿದೆ, ಮತ್ತು ಆ ಭಯಕ್ಕೆ ಕೂಡಲೇ ಬೇಕಾದದ್ದು ಅಂತರ. ಬಂದವರನ್ನು ಮುಜುಗರಕ್ಕೆ ಒಳಪಡಿಸದೆ ನಾಯಿಯನ್ನು ಒಳಕೋಣೆಗೆ ಕರೆದೊಯ್ಯುವುದು, ಗುರುಗುಟ್ಟಿದ್ದಕ್ಕೆ ಗದರದಿರುವುದು, ಸಾಧ್ಯವಾದರೆ ಬಂದವರು ಅದರ ಕಡೆ ನೋಡದೆ ಕುಳಿತುಕೊಳ್ಳುವಂತೆ ಹೇಳುವುದು, ಇಷ್ಟು ಸಾಕಾಗುತ್ತದೆ. ಗದರಿ ಗದರಿ ಗುರುಗುಟ್ಟುವುದನ್ನೇ ಬಿಡಿಸಿದ ನಾಯಿ ಮುಂದೊಂದು ದಿನ ಎಚ್ಚರಿಕೆ ಕೊಡದೆ ಕಚ್ಚಬಹುದು.

ನಾನು ನಾಯಿಯ ಮಾತಿಗೆ ಪೂರ್ತಿ ಕಿವಿಗೊಡುವ ಒಂದೇ ಒಂದು ಸಂದರ್ಭವಿದೆ. ನಿನ್ನೆಯವರೆಗೂ ಒಬ್ಬರನ್ನು ಕಂಡರೆ ಕುಣಿಯುತ್ತಿದ್ದ ನಾಯಿ, ಇಂದು ಅವರ ಹೆಜ್ಜೆಸಪ್ಪಳಕ್ಕೆ ಬಾಲ ಮುದುರಿ ಮಂಚದ ಕೆಳಗೆ ಸೇರಿದರೆ, ಅಲ್ಲಿ ಬದಲಾದದ್ದು ಮೊದಲ ಪರಿಚಯದ ಟೋಪಿಯೂ ಅಲ್ಲ, ಬಾಲ್ಯದ ಕೊರತೆಯೂ ಅಲ್ಲ. ನಡುವೆ ಏನೋ ನಡೆದಿದೆ. ಅದು ಮನುಷ್ಯನ ತಪ್ಪೇ ಆಗಿರಬೇಕೆಂದಿಲ್ಲ: ಕಿವಿಯ ಸೋಂಕಿನಿಂದಲೋ ಸೊಂಟದ ನೋವಿನಿಂದಲೋ ಬಳಲುತ್ತಿರುವ ನಾಯಿಯನ್ನು ಅವರು ಎಂದಿನ ಪ್ರೀತಿಯಿಂದಲೇ ಎತ್ತಿಕೊಂಡಾಗ ನೋವಾಗಿ, ಆ ನೋವಿಗೂ ಅವರಿಗೂ ಅದರ ಮನಸ್ಸಿನಲ್ಲಿ ಗಂಟುಬಿದ್ದಿರಬಹುದು. ಆದ್ದರಿಂದ ಮೊದಲು ಪಶುವೈದ್ಯರಲ್ಲಿಗೆ ಕರೆದೊಯ್ದು ಮೈಯೆಲ್ಲ ಪರೀಕ್ಷೆ ಮಾಡಿಸಬೇಕು. ಅಲ್ಲಿ ಏನೂ ಸಿಗದಿದ್ದರೆ, ಇತ್ತೀಚಿನ ದಿನಗಳಲ್ಲಿ ನಾಯಿಯನ್ನು ಯಾರ ಬಳಿ ಒಂಟಿಯಾಗಿ ಬಿಡಲಾಗಿತ್ತು, ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಮನೆಯಲ್ಲಿ ಇನ್ನು ಯಾರಿದ್ದರು ಎಂದು ವಿಚಾರಿಸಲು ಹಿಂಜರಿಯಬಾರದು. ಮಗುವೂ ಅವರ ಬಳಿಯೇ ಇತ್ತೆಂದಾದರೆ, ಆ ವಿಚಾರಣೆಯನ್ನು ಅಂದೇ ಮಾಡಬೇಕು.